ಒಂದು ಮೂಟೆ ಉಪ್ಪು: ಗ್ರೀಕ್ ದಾರ್ಶನಿಕರ ಜತೆ ಕೂತು ನಮ್ಮ ಪ್ರೀತಿಯನ್ನು ನೋಡಿಕೊಳ್ಳುವ ಬಗೆ

ಗ್ರೀಕರು ಪ್ರೀತಿಯನ್ನು ಏಳು ಬಗೆಯಾಗಿ ವಿಂಗಡಿಸಿದ್ದರು ಎನ್ನುವ ಪಟ್ಟಿಯೊಂದು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಲೇ ಇರುತ್ತದೆ. ಎರೋಸ್, ಫಿಲಿಯ, ಸ್ಟೋರ್ಗೆ, ಅಗಾಪೆ, ಲೂಡಸ್, ಪ್ರಾಗ್ಮಾ, ಫಿಲೌಟಿಯ. ಗ್ರೀಕ್ ತತ್ತ್ವಶಾಸ್ತ್ರದಿಂದ ಪ್ರೀತಿಯ ಬಗ್ಗೆ ಏನಾದರೂ ಕಲಿಯಬೇಕೆಂದು ಹೊರಟವರು ಮೊದಲು ಈ ಪಟ್ಟಿಯನ್ನು ಪಕ್ಕಕ್ಕಿಡಬೇಕು. ಯಾವ ಗ್ರೀಕ್ ದಾರ್ಶನಿಕನೂ ಇಂಥ ಪಟ್ಟಿ ಮಾಡಿಲ್ಲ. ಲೂಡಸ್ ಗ್ರೀಕ್ ಪದವೇ ಅಲ್ಲ, ಲ್ಯಾಟಿನ್. ಲೂಡಸ್, ಪ್ರಾಗ್ಮಾ ಇವನ್ನು ಪ್ರೀತಿಯ ಬಗೆಗಳೆಂದು ಹೆಸರಿಸಿದ್ದು ಕೆನಡಾದ ಸಮಾಜಶಾಸ್ತ್ರಜ್ಞ ಜಾನ್ ಅಲನ್ ಲೀ, 1973ರಲ್ಲಿ. ಇವುಗಳಲ್ಲಿ ಮೊದಲ ನಾಲ್ಕರ ಪಟ್ಟಿ ಮನೆಮಾತಾದದ್ದು ಲೇಖಕ ಸಿ. ಎಸ್. ಲೂಯಿಸ್ 1960ರಲ್ಲಿ ತಂದ ಪುಸ್ತಕದಿಂದ. ಅಗಾಪೆ ಎಂಬ ನಾಮಪದಕ್ಕೆ ಇಂದಿನ ತೂಕ ಬಂದದ್ದು ಕ್ರೈಸ್ತ ಬರಹಗಳಿಂದ. ಪ್ಲೇಟೊನ ಕಾಲದ ಗ್ರೀಕಿನಲ್ಲಿ ಅದು ತೀರಾ ಅಪರೂಪ.

ಪಟ್ಟಿಯ ತೊಂದರೆ ಏನೆಂದರೆ, ಹೆಸರು ಇಟ್ಟ ಕೂಡಲೇ ಕೆಲಸ ಮುಗಿಯಿತು ಅನ್ನಿಸಿಬಿಡುತ್ತದೆ. ಪ್ಲೇಟೊ, ಅರಿಸ್ಟಾಟಲ್ ಕೆಲಸ ಶುರು ಮಾಡುವುದು ಅಲ್ಲಿಂದ ಮುಂದೆ. ನಿನಗೆ ಇವರಿಂದ ಬೇಕಾದದ್ದು ಏನು? ಇವರಿಗೆ ಒಳ್ಳೆಯದಾಗಲಿ ಎಂದು ಬಯಸುವುದು ಇವರ ಸಲುವಾಗಿಯೋ, ನಿನ್ನ ಸಲುವಾಗಿಯೋ? ಪ್ರೀತಿ ಕೈಯಲ್ಲಿ ಹಿಡಿದಿಟ್ಟುಕೊಳ್ಳುವ ವಸ್ತುವಲ್ಲ, ಓದಿದ ಪಾಠದಂತೆ ಮತ್ತೆ ಮತ್ತೆ ತಿರುವಿಹಾಕಿ ಉಳಿಸಿಕೊಳ್ಳಬೇಕಾದದ್ದು ಎಂಬ ಮಾತು ಇವರಲ್ಲಿ ಬರುತ್ತದೆ. ಅದನ್ನು ಬಳಕೆಗೆ ತರುವುದು ಹೇಗೆ ಎಂಬುದು ಇಲ್ಲಿನ ವಿಷಯ.

ಮೊದಲು ಎರಡು ಪದ

ಎರೋಸ್, ಫಿಲಿಯ ಇವೆರಡು ತಿಳಿದರೆ ಸಾಕು. ಎರೋಸ್ ಎಂದರೆ ಇಲ್ಲದ್ದಕ್ಕಾಗಿ ತುಡಿಯುವುದು. ಮೋಹ, ಹಂಬಲ, ಒಲವು ಮೂರೂ ಅದರಲ್ಲಿವೆ. ಫಿಲಿಯ ಬಹಳ ಅಗಲವಾದ ಪದ: ತಾಯಿ ಮಗು, ಗಂಡ ಹೆಂಡತಿ, ಗೆಳೆಯರು, ವ್ಯಾಪಾರದ ಪಾಲುದಾರರು, ಒಂದೇ ಹಡಗಿನಲ್ಲಿ ಹೊರಟವರು, ಒಂದೇ ಊರಿನ ಪ್ರಜೆಗಳು, ಇವರೆಲ್ಲರ ನಡುವಿನ ನಂಟೂ ಅರಿಸ್ಟಾಟಲನಿಗೆ ಫಿಲಿಯವೇ. ಇದನ್ನು ಬರೀ ‘ಗೆಳೆತನ’ ಎಂದು ಓದಿಕೊಂಡರೆ ಅರ್ಧ ಕೈಬಿಟ್ಟಂತೆ. ಇಂಗ್ಲಿಷ್ ಅನುವಾದಗಳಲ್ಲಿ ಎರಡಕ್ಕೂ ‘ಲವ್’ ಎಂದೇ ಹಾಕಿರುವುದುಂಟು. ಹಾಗಾಗಿ ಓದುವಾಗ ಪುಟದ ಅಂಚಿನಲ್ಲಿ ‘ಎ’ ಅಥವಾ ‘ಫಿ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ, ಒಂದೊಂದು ಪುಟ ಮುಗಿದಾಗ ಅದರ ಸಾರವನ್ನು ಕನ್ನಡದಲ್ಲಿ ಒಂದು ವಾಕ್ಯ ಮಾಡಿ ಬರೆದಿಡಿ. ಹಂಬಲ ಎನ್ನಬೇಕೋ, ಅಕ್ಕರೆ ಎನ್ನಬೇಕೋ ಎಂದು ಕೈ ತಡೆದ ಜಾಗದಲ್ಲೇ ವಿಷಯ ಇರುತ್ತದೆ.

ಏನನ್ನು, ಯಾವ ಕ್ರಮದಲ್ಲಿ ಓದಬೇಕು

ನಾಲ್ಕು ಓದು, ಆರು ವಾರ. ಮೊದಲ ವಾರ ಪ್ಲೇಟೊನ ಸಂವಾದ ‘ಲೈಸಿಸ್’. ಚಿಕ್ಕದು, ಗಟ್ಟಿಯಾಗಿ ಓದಿದರೂ ಒಂದು ಗಂಟೆಯ ಆಸುಪಾಸು. ಎರಡು ಮತ್ತು ಮೂರನೇ ವಾರ ‘ಸಿಂಪೋಸಿಯಂ’. ನಾಲ್ಕನೇ ವಾರ ‘ಫೀಡ್ರಸ್’ನ ಮೊದಲರ್ಧ ಸಾಕು, ಅಂಚಿನ ಸಂಖ್ಯೆ 257ರವರೆಗೆ. ಕೊನೆಯ ಎರಡು ವಾರ ಅರಿಸ್ಟಾಟಲನ ‘ನಿಕೊಮೇಕಿಯನ್ ಎಥಿಕ್ಸ್’ನ ಎಂಟು ಮತ್ತು ಒಂಬತ್ತನೇ ಭಾಗ. ಎರಡೂ ಸೇರಿ 26 ಅಧ್ಯಾಯ, ದಿನಕ್ಕೆ ಎರಡರಂತೆ ಓದಿದರೆ ಆರಾಮಾಗಿ ಮುಗಿಯುತ್ತದೆ. ಅರಿಸ್ಟಾಟಲನಿಂದಲೇ ಶುರು ಮಾಡಿದವರು ಬಹುಪಾಲು ಅರ್ಧಕ್ಕೇ ನಿಲ್ಲಿಸುತ್ತಾರೆ. ಅವನದು ಪಾಠದ ಟಿಪ್ಪಣಿಯ ಹಾಗಿನ ಒಣ ಗದ್ಯ. ‘ಲೈಸಿಸ್’ನಲ್ಲಿ ಉತ್ತರ ಸಿಗದೆ ಉಳಿದ ಪ್ರಶ್ನೆಗಳಿಗೆ ಅವನು ಉತ್ತರ ಕೊಡುತ್ತಿದ್ದಾನೆ ಎಂದು ಗೊತ್ತಿದ್ದರೆ ಆ ಗದ್ಯಕ್ಕೆ ಜೀವ ಬರುತ್ತದೆ.

ಪುಸ್ತಕ ಯಾವುದೇ ಇರಲಿ, ಅಂಚಿನಲ್ಲಿ 206ಎ, 210ಡಿ ಎಂಬಂಥ ಸಂಖ್ಯೆಗಳಿರುವುದನ್ನೇ ಆರಿಸಿಕೊಳ್ಳಿ. ಪ್ಲೇಟೊಗೆ ಬಳಸುವ ಈ ಸಂಖ್ಯೆಗಳು 1578ರಲ್ಲಿ ಆಂರಿ ಎಸ್ಟಿಯೆನ್ ಅಚ್ಚು ಹಾಕಿಸಿದ ಆವೃತ್ತಿಯ ಪುಟಸಂಖ್ಯೆಗಳು. ಎಲ್ಲ ಒಳ್ಳೆಯ ಅನುವಾದಗಳಲ್ಲೂ ಇವು ಒಂದೇ ಆಗಿರುತ್ತವೆ. ಅರಿಸ್ಟಾಟಲನಿಗೆ 1831ರ ಬೆಕ್ಕರ್ ಆವೃತ್ತಿಯ ಸಂಖ್ಯೆಗಳು. ಉಚಿತವಾಗಿ ಸಿಗುವ, ಪ್ಲೇಟೊನ ಜೊವೆಟ್ ಇಂಗ್ಲಿಷ್ ಅನುವಾದ 19ನೇ ಶತಮಾನದ್ದು. ಓದಬಹುದು, ಆದರೆ ಮಾತಿನ ಧಾಟಿ ಹಳೆಯದು.

ಒಂದನೇ ಹೆಜ್ಜೆ: ಹೊಗಳಿಕೆಯನ್ನು ನಿಲ್ಲಿಸಿ

‘ಲೈಸಿಸ್’ ಶುರುವಾಗುವುದೇ ಪ್ರೀತಿಯಲ್ಲಿ ಬಿದ್ದವನೊಬ್ಬನ ಪಾಡಿನಿಂದ. ಹಿಪೊಥೇಲೀಸ್ ಎಂಬ ಯುವಕ ಲೈಸಿಸ್ ಎಂಬ ಹುಡುಗನ ಮೇಲೆ ಪದ್ಯ ಕಟ್ಟಿ, ಅವನ ವಂಶ, ಕುದುರೆ, ಪಂದ್ಯದ ಗೆಲುವು ಎಲ್ಲವನ್ನೂ ಹಾಡಿ ಗೆಳೆಯರ ಕಿವಿ ತೂತು ಮಾಡಿರುತ್ತಾನೆ. ಸಾಕ್ರಟೀಸ್ ಎರಡು ಮಾತು ಹೇಳುತ್ತಾನೆ. ಒಂದು: ನೀನು ಹಾಡುತ್ತಿರುವುದು ನಿನ್ನನ್ನೇ ಕುರಿತು. ಅವನು ಒಲಿದರೆ ಎಂಥವನನ್ನು ಗೆದ್ದೆ ಎಂಬ ಕೀರ್ತಿ ನಿನಗೆ, ಒಲಿಯದಿದ್ದರೆ ಆ ಹೊಗಳಿಕೆಯಷ್ಟೇ ಎತ್ತರದ ನಗೆಪಾಟಲೂ ನಿನಗೆ. ಎರಡು: ಹೊಗಳಿಸಿಕೊಂಡವರು ಬಿಗಿಯುತ್ತಾರೆ, ಬಿಗಿದವರನ್ನು ಹಿಡಿಯುವುದು ಕಷ್ಟ. ಬೇಟೆಗಾರ ಮಿಗವನ್ನು ಬೆದರಿಸಿಕೊಂಡೇ ಬೇಟೆಗೆ ಹೊರಟ ಹಾಗೆ.

ಹಾಗಾದರೆ ಮಾತಾಡುವುದು ಹೇಗೆ? ಸಾಕ್ರಟೀಸ್ ಎದುರಿಗೇ ತೋರಿಸುತ್ತಾನೆ. ಲೈಸಿಸನನ್ನು ಕೂರಿಸಿಕೊಂಡು ಕೇಳುತ್ತಾನೆ: ಅಪ್ಪ ಅಮ್ಮನಿಗೆ ನಿನ್ನ ಮೇಲೆ ಪ್ರೀತಿ ಇದೆಯೆ? ಇದೆ. ಪಂದ್ಯದಲ್ಲಿ ಅಪ್ಪನ ರಥದ ಲಗಾಮು ಹಿಡಿಯಲು ಬಿಡುತ್ತಾರೆಯೆ? ಇಲ್ಲ, ಅದಕ್ಕೆ ಸಂಬಳದ ಸಾರಥಿ ಇದ್ದಾನೆ. ಹೇಸರಗತ್ತೆಯ ಬಂಡಿ? ಅದಕ್ಕೂ ಆಳು ಇದ್ದಾನೆ. ಅಮ್ಮನ ಮಗ್ಗ ಮುಟ್ಟಲು ಬಿಡುತ್ತಾರೆಯೆ? ಮುಟ್ಟಿದರೆ ಏಟು ಬೀಳುತ್ತದೆ. ಓದುವುದು, ಬರೆಯುವುದು, ಲೈರ್ ವಾದ್ಯದ ತಂತಿ ಬಿಗಿಯುವುದು ಮಾತ್ರ ಅವನ ಇಷ್ಟಕ್ಕೆ ಬಿಟ್ಟಿದ್ದಾರೆ. ಏಕೆಂದರೆ ಅದು ಅವನಿಗೆ ಬರುತ್ತದೆ. ಪ್ರೀತಿ ಇದ್ದ ಮಾತ್ರಕ್ಕೆ ನಂಬಿ ಕೈಗೆ ಕೊಡುವುದಿಲ್ಲ, ಬಲ್ಲವರ ಕೈಗೆ ಕೊಡುತ್ತಾರೆ ಎನ್ನುವಲ್ಲಿಗೆ ಹುಡುಗನೇ ಬಂದು ತಲುಪುತ್ತಾನೆ.

ಇದನ್ನು ಮನೆಯಲ್ಲಿ ಹೀಗೆ ಮಾಡಿ ನೋಡಿ. ನಿಮ್ಮ ಮಗ, ಮಗಳು ಅಥವಾ ಸಂಗಾತಿಯ ಹೆಸರು ಬರೆದು, ಕಳೆದ ಒಂದು ತಿಂಗಳಲ್ಲಿ ಅವರ ಕೈಗೆ ಪೂರ್ತಿ ಬಿಟ್ಟುಕೊಟ್ಟ ಮೂರು ಕೆಲಸ, ಬಿಡದೆ ನೀವೇ ಹಿಡಿದುಕೊಂಡ ಮೂರು ಕೆಲಸ ಬರೆಯಿರಿ. ಹಿಡಿದುಕೊಂಡ ಒಂದೊಂದರ ಮುಂದೆಯೂ ಅವರಿಗೆ ಅದು ಬಾರದು ಎಂಬುದು ಕಾರಣವೋ, ಬೇರೆ ಏನಾದರೂ ಕಾರಣವೋ ಗುರುತಿಸಿ. ಬಾರದು ಎಂದಾದರೆ ಕಲಿಸುವುದು ಪ್ರೀತಿಯ ಮುಂದಿನ ಕೆಲಸ. ಬರುತ್ತಿದ್ದೂ ಬಿಟ್ಟುಕೊಟ್ಟಿಲ್ಲ ಎಂದಾದರೆ ಅದು ನಿಮ್ಮ ಭಯ, ಅದನ್ನು ಮಾತಾಡಿ ಬಗೆಹರಿಸಿಕೊಳ್ಳಬೇಕು.

ಎರಡನೇ ಹೆಜ್ಜೆ: ‘ಇನ್ನೊಂದು ಅರ್ಧ’ದ ಕತೆಯನ್ನು ಪೂರ್ತಿ ಓದಿ

‘ಸಿಂಪೋಸಿಯಂ’ನ ಔತಣ ನಡೆಯುವುದು ಕ್ರಿ.ಪೂ. 416ರಲ್ಲಿ, ನಾಟಕಸ್ಪರ್ಧೆಯಲ್ಲಿ ಗೆದ್ದ ಅಗಥಾನನ ಮನೆಯಲ್ಲಿ. ಹಿಂದಿನ ರಾತ್ರಿಯ ಕುಡಿತದಿಂದ ಎಲ್ಲರ ತಲೆ ಭಾರ. ಹಾಗಾಗಿ ಇವತ್ತು ಕುಡಿಯಲು ಬಲವಂತ ಬೇಡ, ಸರದಿಯಂತೆ ಪ್ರೀತಿಯ ದೇವತೆ ಎರೋಸನ ಸ್ತುತಿ ಮಾಡೋಣ ಎಂದು ತೀರ್ಮಾನವಾಗುತ್ತದೆ. ಎಂಟು ಜನ ಸಿಕ್ಕಿದರೆ ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುವುದು ಅತ್ಯುತ್ತಮ ದಾರಿ: ಏಳು ಭಾಷಣಕಾರರು, ಒಬ್ಬ ನಿರೂಪಕ. ಎರಡೂವರೆಯಿಂದ ಮೂರು ಗಂಟೆ ಹಿಡಿಯುತ್ತದೆ. ಫೀಡ್ರಸ್, ಪೌಸೇನಿಯಸ್, ವೈದ್ಯ ಎರಿಕ್ಸಿಮೇಕಸ್ ಇವರ ಭಾಷಣಗಳನ್ನು ಮೊದಲ ಓದಿನಲ್ಲಿ ಬೇಗ ದಾಟಬಹುದು.

ನಾಲ್ಕನೆಯವನು ಹಾಸ್ಯನಾಟಕಕಾರ ಅರಿಸ್ಟೋಫನೀಸ್. ಅವನಿಗೆ ಬಿಕ್ಕಳಿಕೆ ಹತ್ತಿ ಸರದಿ ತಪ್ಪುತ್ತದೆ. ಉಸಿರು ಬಿಗಿಹಿಡಿ, ಬಾಯಿ ಮುಕ್ಕಳಿಸು, ಅದಕ್ಕೂ ಹೋಗದಿದ್ದರೆ ಮೂಗಿಗೆ ಕಚಗುಳಿ ಇಟ್ಟು ಸೀನು ಎಂದು ವೈದ್ಯ ಹೇಳುತ್ತಾನೆ, ಸೀನಿನಿಂದಲೇ ಅದು ನಿಲ್ಲುತ್ತದೆ. ಆಮೇಲೆ ಬರುವುದು ಜಗತ್ಪ್ರಸಿದ್ಧ ಕತೆ. ಮೊದಲು ಮನುಷ್ಯರು ಉರುಟಾಗಿದ್ದರು, ನಾಲ್ಕು ಕೈ, ನಾಲ್ಕು ಕಾಲು, ಎರಡು ಮುಖ. ಸೊಕ್ಕಿ ದೇವತೆಗಳ ಮೇಲೆ ಏರಿಹೋದಾಗ, ಕೂದಲೆಳೆಯಿಂದ ಬೆಂದ ಮೊಟ್ಟೆ ಸೀಳುವ ಹಾಗೆ ದೇವತೆಗಳ ಒಡೆಯ ಜ್ಯೂಸ್ ಒಬ್ಬೊಬ್ಬರನ್ನೂ ಎರಡಾಗಿ ಸೀಳಿದ. ಅಪೋಲೊ ಚರ್ಮ ಎಳೆದು ಹೊಟ್ಟೆಯ ಮೇಲೆ ಗಂಟು ಹಾಕಿದ, ಅದೇ ಹೊಕ್ಕುಳು. ಅಂದಿನಿಂದ ಒಂದೊಂದು ತುಂಡೂ ಇನ್ನೊಂದನ್ನು ಹುಡುಕುತ್ತಿದೆ. ಮೂಲದಲ್ಲಿ ಮೂರು ಬಗೆ ಇದ್ದವು, ಗಂಡು ಗಂಡು, ಹೆಣ್ಣು ಹೆಣ್ಣು, ಗಂಡು ಹೆಣ್ಣು. ಯಾರು ಯಾರನ್ನು ಒಲಿಯುತ್ತಾರೆ ಎಂಬುದು ಅವರ ಮೂಲದಿಂದ ಬಂದದ್ದು, ಗಂಡನ್ನು ಒಲಿಯುವ ಗಂಡು ನಾಚಿಕೆಗೆಟ್ಟವನಲ್ಲ ಎಂಬ ಮಾತೂ ಕತೆಯಲ್ಲೇ ಇದೆ.

ನಮ್ಮಲ್ಲಿ ಅರ್ಧಾಂಗಿ, ಅರ್ಧನಾರೀಶ್ವರ ಎಂಬ ಮಾತುಗಳು ಬಳಕೆಯಲ್ಲಿರುವುದರಿಂದ ಈ ಕತೆ ಕನ್ನಡಿಗರಿಗೆ ಥಟ್ಟನೆ ಹಿಡಿಸುತ್ತದೆ, ಅಲ್ಲೇ ಎಡವುವುದೂ ಸುಲಭ. ಅರ್ಧನಾರೀಶ್ವರ ಕೂಡಿದ ರೂಪ. ಅರಿಸ್ಟೋಫನೀಸ್ ಹೇಳುತ್ತಿರುವುದು ಶಿಕ್ಷೆಯ ಗಾಯದ ಕತೆ. ಕೂಡಿಕೊಂಡ ತುಂಡುಗಳು ಬಿಡಲೊಲ್ಲದೆ, ಉಣ್ಣದೆ, ಕೆಲಸ ಮಾಡದೆ ಸಾಯುತ್ತವೆ ಎಂಬ ಭಾಗವನ್ನು ಮದುವೆಯ ಕರೆಯೋಲೆಗೆ ಯಾರೂ ಹಾಕುವುದಿಲ್ಲ. ಇನ್ನು ಪ್ಲೇಟೊ ಈ ಕತೆಯನ್ನು ಒಪ್ಪಿ ಬಿಡುವುದೂ ಇಲ್ಲ. 205ಇ ತೆಗೆದು ನೋಡಿ. ಪ್ರೀತಿ ಅರ್ಧಕ್ಕಾಗಿಯೂ ಅಲ್ಲ, ಪೂರ್ತಿಗಾಗಿಯೂ ಅಲ್ಲ, ಅದು ಒಳ್ಳೆಯದಾಗಿದ್ದರೆ ಮಾತ್ರ. ಕೆಟ್ಟಿದೆ ಎಂದು ಕಂಡರೆ ಜನ ತಮ್ಮದೇ ಕೈಕಾಲನ್ನೂ ಕತ್ತರಿಸಿಕೊಳ್ಳಲು ಒಪ್ಪುತ್ತಾರೆ ಎಂದು, ಮುಂದೆ ಸಾಕ್ರಟೀಸನ ಮಾತಿನಲ್ಲಿ ಬರುವ ಅವನ ಗುರು ಡಯೊಟೀಮಾ ಹೇಳುತ್ತಾಳೆ. ‘ನನ್ನ ಅರ್ಧ ಇವರೇ’ ಎಂದು ನಂಬಿ, ಹೊಡೆತ ಬಡಿತದ ಸಂಬಂಧದಲ್ಲೂ ಕೂತವರು ಮೊದಲು ಓದಬೇಕಾದ ಸಾಲು ಇದು.

ಕತೆಯಲ್ಲಿ ಬಳಕೆಗೆ ತುಂಬ ಒದಗುವ ಜಾಗ 192ಡಿ. ಕಮ್ಮಾರ ದೇವತೆ ಹೆಫೆಸ್ಟಸ್ ತನ್ನ ಸಲಕರಣೆ ಹಿಡಿದು ಬಂದು, ಅಪ್ಪಿ ಮಲಗಿದ ಇಬ್ಬರನ್ನು ಕೇಳುತ್ತಾನೆ: ಒಬ್ಬರಿಂದೊಬ್ಬರಿಗೆ ನಿಮಗೆ ಬೇಕಾದದ್ದು ಏನು? ಅವರಿಗೆ ಉತ್ತರ ತೋಚದೆ ಅವನು ಮತ್ತೆ ಕೇಳಬೇಕಾಗುತ್ತದೆ. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂತು, ಹದಿನೈದು ನಿಮಿಷ, ಇದೇ ಪ್ರಶ್ನೆಗೆ ಐದು ಸಾಲು ಬರೆಯಿರಿ. ‘ಸುಖವಾಗಿರಬೇಕು’ ಎಂದು ಬರೆಯುವುದು ಬೇಡ. ‘ರಾತ್ರಿ ಊಟಕ್ಕೆ ಕೂತಾಗ ನನ್ನ ಕೆಲಸದ ಬಗ್ಗೆ ಒಂದು ಮಾತು ಕೇಳಬೇಕು’ ಎಂಬಷ್ಟು ಬಿಡಿಸಿ ಬರೆಯಿರಿ. ಚೀಟಿ ಬದಲಾಯಿಸಿಕೊಂಡು, ಆ ದಿನ ವಾದ ಮಾಡದೆ ಇಟ್ಟುಬಿಡಿ. ಮಾತು ಮಾರನೇ ದಿನ.

ಮೂರನೇ ಹೆಜ್ಜೆ: ‘ಇದೆ’ ಎನ್ನುವುದನ್ನು ‘ನಾಳೆಯೂ ಇರಲಿ’ ಎಂದು ತಿದ್ದಿ ಓದಿ

ಇದು ಇಡೀ ಓದಿನ ನಡುಮನೆ. ಇಲ್ಲಿ ಅವಸರ ಮಾಡಬೇಡಿ.

ಅಗಥಾನ್ ಎರೋಸನನ್ನು ಚೆಲುವ, ಕೋಮಲ, ಎಲ್ಲ ಗುಣಗಳ ಖನಿ ಎಂದು ಹೊಗಳಿ ಚಪ್ಪಾಳೆ ಗಿಟ್ಟಿಸುತ್ತಾನೆ. ಸಾಕ್ರಟೀಸ್ ನಾಲ್ಕಾರು ಪ್ರಶ್ನೆಗಳಲ್ಲಿ ಅದನ್ನು ಕೆಡವುತ್ತಾನೆ. ಪ್ರೀತಿ ಎಂದರೆ ಯಾವುದಾದರೊಂದರ ಮೇಲಿನ ಪ್ರೀತಿ ತಾನೆ? ಹೌದು. ಅದು ಬೇಕು ಅನ್ನಿಸುವುದು ಇದ್ದಾಗಲೋ ಇಲ್ಲದಾಗಲೋ? ಇಲ್ಲದಾಗ. ಹಾಗಾದರೆ ಆರೋಗ್ಯ ಇರುವವನು ನನಗೆ ಆರೋಗ್ಯ ಬೇಕು ಎನ್ನುತ್ತಾನಲ್ಲ? ಅವನು ಹೇಳುತ್ತಿರುವುದು, ಈಗ ಇರುವುದು ಮುಂದೆಯೂ ಇರಲಿ ಎಂದು. ನಾಳೆ ಎಂಬುದು ಇನ್ನೂ ಯಾರ ಕೈಯಲ್ಲೂ ಇಲ್ಲ. 200ಡಿಯಲ್ಲಿರುವ ಈ ಚಿಕ್ಕ ಮಾತಿನ ಮೇಲೆ ಮದುವೆಯಾಗಿ ಇಪ್ಪತ್ತು ವರ್ಷವಾದವರ ಪ್ರೀತಿ ನಿಂತಿದೆ. ‘ಸಿಕ್ಕಿತಲ್ಲ, ಇನ್ನೇನು’ ಎಂದುಕೊಂಡ ಕ್ಷಣ ಹಂಬಲಕ್ಕೆ ಹಿಡಿಯಲು ಏನೂ ಉಳಿಯುವುದಿಲ್ಲ.

ಆಮೇಲೆ ಸಾಕ್ರಟೀಸ್, ಮ್ಯಾಂಟಿನೀಯದ ಡಯೊಟೀಮಾ ಎಂಬ ಹೆಂಗಸು ತನಗೆ ಕಲಿಸಿದ್ದನ್ನು ಹೇಳುತ್ತಾನೆ. ಚೆಲುವಿನ ದೇವತೆ ಅಫ್ರೊಡೈಟಿ ಹುಟ್ಟಿದ ದಿನದ ಔತಣಕ್ಕೆ ಬಡತನ ಎಂಬವಳು ಭಿಕ್ಷೆ ಬೇಡಲು ಬಂದು ಬಾಗಿಲಲ್ಲಿ ನಿಂತಿದ್ದಳು. ಉಪಾಯ ಎಂಬವನು ಕುಡಿದು ತೋಟದಲ್ಲಿ ಮಲಗಿದ್ದ. ಇಬ್ಬರಿಗೂ ಹುಟ್ಟಿದವನು ಎರೋಸ್. ಅವನು ಕೋಮಲನಲ್ಲ; ಒರಟ, ಬರಿಗಾಲಿನವನು, ಮನೆಯಿಲ್ಲದೆ ಬಾಗಿಲ ಬಳಿ, ದಾರಿ ಬದಿ ಮಲಗುವವನು. ಗಳಿಸಿದ್ದು ಅವನ ಕೈಯಿಂದ ಸೋರಿಹೋಗುತ್ತಲೇ ಇರುತ್ತದೆ.

ಆ ಸೋರುವಿಕೆಯ ವಿವರ 207ಡಿಯಿಂದ 208ಬಿವರೆಗೆ ಇದೆ. ಮಗುವಿನಿಂದ ಮುದುಕನಾಗುವವರೆಗೆ ಒಬ್ಬನೇ ಎನ್ನುತ್ತೇವೆ, ಆದರೆ ಅವನ ಕೂದಲು, ಮಾಂಸ, ಮೂಳೆ, ರಕ್ತ ಎಲ್ಲವೂ ಹೋಗಿ ಹೊಸದು ಬರುತ್ತಿರುತ್ತದೆ. ಮೈ ಮಾತ್ರವಲ್ಲ, ಅಭ್ಯಾಸ, ಅಭಿಪ್ರಾಯ, ಆಸೆ, ಭಯ ಯಾವುದೂ ಹಾಗೇ ನಿಂತಿರುವುದಿಲ್ಲ. ತಿಳಿವಳಿಕೆಯೂ ಅಷ್ಟೇ, ಮರೆವು ಎಂದರೆ ತಿಳಿದದ್ದು ಹೊರಟುಹೋಗುವುದು. ಮತ್ತೆ ಓದಿ ತಿರುವಿಹಾಕಿದಾಗ ಹೋದದ್ದರ ಜಾಗಕ್ಕೆ ಹೊಸ ನೆನಪು ಬಂದು ಕೂರುತ್ತದೆ, ಅದಕ್ಕೇ ತಿಳಿವಳಿಕೆ ಹಳೆಯದೇ ಅನ್ನಿಸುತ್ತದೆ. ತಿರುವಿಹಾಕುವುದಕ್ಕೆ ಗ್ರೀಕಿನಲ್ಲಿ ‘ಮೆಲೆಟೆ’ ಎನ್ನುತ್ತಾರೆ. ಸಂಗೀತ ಕಲಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಅದು ಸಾಧಕವೇ.

ಡಯೊಟೀಮಾ ಇದನ್ನು ದಾಂಪತ್ಯಕ್ಕೆಂದು ಹೇಳಲಿಲ್ಲ. ಆದರೆ ಅಲ್ಲಿಗೆ ಇದರಷ್ಟು ಹೊಂದುವ ಮಾತು ಇನ್ನೊಂದು ಕಾಣುವುದಿಲ್ಲ. ‘ಅವರನ್ನು ನಾನು ಬಲ್ಲೆ’ ಎಂದು ಹತ್ತು ವರ್ಷದ ಹಿಂದೆ ಕಲಿತದ್ದು ಇವತ್ತು ಹಳೆಯ ಪಾಠ. ಕಲಿತದ್ದೂ ಸೋರಿದೆ, ಪಾಠವಾಗಿದ್ದವರೂ ಬದಲಾಗಿದ್ದಾರೆ. ಮಾಡಬೇಕಾದದ್ದು ಇಷ್ಟು. ವರ್ಷಕ್ಕೊಮ್ಮೆ, ಒಂದು ದಿನ ಗೊತ್ತು ಮಾಡಿಕೊಂಡು, ಸಂಗಾತಿಯ ಬಗ್ಗೆ ನಿಮಗೆ ಗೊತ್ತಿದೆ ಎಂದುಕೊಂಡಿರುವ ಹತ್ತು ಸಂಗತಿ ಬರೆಯಿರಿ: ಈಗ ಅವರಿಗೆ ಯಾವುದರ ಭಯ, ಯಾರ ಮೇಲೆ ಮುನಿಸು, ಏನು ತಿನ್ನಲು ಇಷ್ಟ, ಕೆಲಸ ಬಿಟ್ಟರೆ ಏನು ಮಾಡಲು ಆಸೆ. ಅವರ ಕೈಗೆ ಕೊಟ್ಟು ತಿದ್ದಿಸಿ. ತಪ್ಪಾದವನ್ನು ಆ ವರ್ಷದ ಪಾಠ ಎಂದು ಇಟ್ಟುಕೊಳ್ಳಿ. ‘ಇಷ್ಟು ವರ್ಷ ಆದರೂ ಇದು ಗೊತ್ತಿಲ್ಲವೆ’ ಎಂಬ ಸಿಟ್ಟು ಬಂದೇ ಬರುತ್ತದೆ. ಆ ಉತ್ತರ ಐದು ವರ್ಷದ ಹಿಂದೆ ಸರಿಯಾಗಿತ್ತೇ ಎಂದು ಕೇಳಿದರೆ ಬಹಳ ಸಲ ಹೌದು ಎಂದೇ ಉತ್ತರ ಬರುತ್ತದೆ.

ಮುಂದೆ 210ಎಯಿಂದ ಏಣಿ ಬರುತ್ತದೆ: ಒಂದು ಚೆಲುವಾದ ಮೈ, ಎಲ್ಲ ಚೆಲುವಾದ ಮೈಗಳು, ಚೆಲುವಾದ ಮನಸ್ಸು, ಚೆಲುವಾದ ನಡವಳಿಕೆ ಮತ್ತು ಕಾನೂನು, ಚೆಲುವಾದ ಅರಿವು, ಕೊನೆಗೆ ಚೆಲುವೇ. ಇಲ್ಲಿ ಆಗುವ ದೊಡ್ಡ ತಪ್ಪು, ಮನುಷ್ಯರನ್ನು ಮೆಟ್ಟಿ ಮೇಲೆ ಹೋಗಿ ಎಂಬ ಉಪದೇಶ ಇದು ಎಂದು ಓದುವುದು. ಪ್ಲೇಟೊ ಪ್ರೀತಿಸುವುದು ಗುಣಗಳನ್ನೇ ಹೊರತು ಇಡೀ ವ್ಯಕ್ತಿಯನ್ನಲ್ಲ ಎಂದು 20ನೇ ಶತಮಾನದ ವಿದ್ವಾಂಸ ಗ್ರೆಗರಿ ವ್ಲಾಸ್ಟೊಸ್ ಮಾಡಿದ ಆಕ್ಷೇಪ ಗಟ್ಟಿಯಾದದ್ದು, ಅದನ್ನು ತಳ್ಳಿಹಾಕಬೇಡಿ. ಆದರೆ 212ಸಿಗೆ ಪುಸ್ತಕ ಮುಚ್ಚಲೂಬೇಡಿ. ಅಲ್ಲಿ ಬಾಗಿಲು ಬಡಿಯುತ್ತದೆ, ಕುಡಿದು ತೂರಾಡುತ್ತ ಅಥೆನ್ಸಿನ ಹೆಸರಾಂತ ಮುಂದಾಳು ಆಲ್ಸಿಬಯಡೀಸ್ ಬರುತ್ತಾನೆ. ಅವನು ಎರೋಸನನ್ನು ಬಿಟ್ಟು ಸಾಕ್ರಟೀಸನೊಬ್ಬನನ್ನೇ ಕುರಿತು ಮಾತಾಡುತ್ತಾನೆ: ಅವನ ಮುಖ, ಅವನ ಮಾತು, ಹಿಮದ ಮೇಲೆ ಬರಿಗಾಲಲ್ಲಿ ನಡೆದದ್ದು, ಒಂದೇ ಹೊದಿಕೆಯಡಿ ಇಡೀ ರಾತ್ರಿ ಮಲಗಿದ್ದರೂ ತನ್ನನ್ನು ಮುಟ್ಟದಿದ್ದದ್ದು. ಏಣಿ ಮತ್ತು ಈ ಒಬ್ಬನೇ ಮನುಷ್ಯ, ಎರಡನ್ನೂ ಪ್ಲೇಟೊ ಅಕ್ಕಪಕ್ಕ ಇಟ್ಟಿದ್ದಾನೆ.

ನಾಲ್ಕನೇ ಹೆಜ್ಜೆ: ಬೈದು ಬರೆದದ್ದಕ್ಕೆ ಮರುಮಾತು ಬರೆಯಿರಿ

‘ಫೀಡ್ರಸ್’ನಲ್ಲಿ ಇಲಿಸಸ್ ಹೊಳೆಯ ದಂಡೆ, ಚಿನಾರ್ ಮರದ ನೆರಳು, ಕಾಲಿಗೆ ತಣ್ಣೀರು. ಪ್ರೀತಿಸುವವನಿಗಿಂತ ಪ್ರೀತಿಸದವನಿಗೇ ಒಲಿಯುವುದು ಜಾಣತನ ಎಂಬ, ಭಾಷಣಕಾರ ಲಿಸಿಯಸನ ಬರಹವನ್ನು ಫೀಡ್ರಸ್ ಓದುತ್ತಾನೆ. ಸಾಕ್ರಟೀಸ್ ನಾಚಿಕೆಯಿಂದ ತಲೆಗೆ ಮುಸುಕು ಹಾಕಿಕೊಂಡು ಅದೇ ಧಾಟಿಯಲ್ಲಿ ಇನ್ನೊಂದು ಮಾತಾಡಿ, ಕೂಡಲೇ ತಪ್ಪು ಮಾಡಿದೆ ಎಂದು ಮುಸುಕು ತೆಗೆದು ಪ್ರಾಯಶ್ಚಿತ್ತದ ಭಾಷಣ ಮಾಡುತ್ತಾನೆ. ಆತ್ಮವನ್ನು ಎರಡು ಕುದುರೆಗಳ ರಥಕ್ಕೆ ಹೋಲಿಸುವ ರೂಪಕ ಅಲ್ಲಿದೆ. ಪ್ರೀತಿ ಮುರಿದವರು ಹೀಗೆ ಮಾಡಬಹುದು: ಮೊದಲ ದಿನ ಪ್ರೀತಿಯನ್ನು ಬೈದು ಒಂದು ಪುಟ, ವಾರದ ನಂತರ ಅದೇ ಅನುಭವದಿಂದ ಪ್ರೀತಿಯ ಪರವಾಗಿ ಒಂದು ಪುಟ. ಯಾರಿಗೂ ಕಳಿಸುವುದು ಬೇಡ.

ಐದನೇ ಹೆಜ್ಜೆ: ಉಪ್ಪಿನ ಲೆಕ್ಕ

ಈಗ ಅರಿಸ್ಟಾಟಲ್. ಅವನ ಮೊದಲ ಪರೀಕ್ಷೆ ಸರಳ. ದ್ರಾಕ್ಷಾರಸ ನಮಗೆ ಇಷ್ಟ, ಆದರೆ ಅದಕ್ಕೆ ಒಳ್ಳೆಯದಾಗಲಿ ಎಂದು ನಾವು ಹರಸುವುದಿಲ್ಲ. ಕೆಡದೆ ಇರಲಿ ಎಂದರೆ ಅದೂ ನಾವು ಕುಡಿಯಲಿಕ್ಕಾಗಿ. ಫಿಲಿಯ ಇರಬೇಕಾದರೆ ಮೂರು ಬೇಕು: ಆ ವ್ಯಕ್ತಿಗೆ ಅವರ ಸಲುವಾಗಿಯೇ ಒಳ್ಳೆಯದನ್ನು ಬಯಸುವುದು, ಅವರೂ ಹಾಗೆ ಬಯಸುವುದು, ಇದು ಇಬ್ಬರಿಗೂ ಗೊತ್ತಿರುವುದು. ಮೂರನೆಯದು ನಮ್ಮ ಮನೆಗಳಲ್ಲಿ ಹೆಚ್ಚಾಗಿ ಕೈತಪ್ಪುತ್ತದೆ. ಮಗನ ಮೇಲೆ ಜೀವ ಇಟ್ಟಿದ್ದೂ ಒಂದು ಮಾತು ಬಾಯಿಬಿಟ್ಟು ಹೇಳದ ತಂದೆಗೆ ಅರಿಸ್ಟಾಟಲನ ಲೆಕ್ಕದಲ್ಲಿ ಇರುವುದು ಸದ್ಭಾವನೆ, ಅದಿನ್ನೂ ಪೂರ್ತಿ ಫಿಲಿಯ ಆಗಿಲ್ಲ.

ಅವನು ಕಾಣುವ ಮೂರು ತಳಹದಿಗಳು ಉಪಯೋಗ, ಸುಖ, ಗುಣ. ಮೊದಲೆರಡನ್ನು ಅವನು ಹಳಿಯುವುದಿಲ್ಲ ಎಂಬುದು ನೆನಪಿರಲಿ. ಅವು ಬೇಗ ಮುರಿಯುತ್ತವೆ, ಅಷ್ಟೇ. ಜಗಳ ಬರುವುದು ಒಬ್ಬರು ಒಂದನ್ನು, ಇನ್ನೊಬ್ಬರು ಇನ್ನೊಂದನ್ನು ಎಣಿಸಿಕೊಂಡಾಗ. ಒಂಬತ್ತನೇ ಭಾಗದ ಮೊದಲ ಅಧ್ಯಾಯದಲ್ಲಿ ಒಬ್ಬ ಗಾಯಕನ ಪ್ರಸಂಗವಿದೆ. ಎಷ್ಟು ಚೆನ್ನಾಗಿ ಹಾಡುತ್ತೀಯೋ ಅಷ್ಟು ಹೆಚ್ಚು ಕೊಡುತ್ತೇನೆ ಎಂದವನು, ಗಾಯಕ ಬೆಳಿಗ್ಗೆ ಹಣ ಕೇಳಿದಾಗ, ನಿನ್ನ ಹಾಡಿನ ಸುಖಕ್ಕೆ ನಿರೀಕ್ಷೆಯ ಸುಖ ಕೊಟ್ಟೆನಲ್ಲ ಎಂದನಂತೆ. ಉಪಯೋಗಕ್ಕೋ ಸುಖಕ್ಕೋ ಹತ್ತಿರ ಬಂದು ಗುಣ ಮೆಚ್ಚಿ ಬಂದಂತೆ ನಟಿಸುವವರು ಖೋಟಾ ನಾಣ್ಯ ಹೊಡೆಯುವವರಿಗಿಂತ ಹೆಚ್ಚು ತಪ್ಪಿತಸ್ಥರು ಎಂದು ಮೂರನೇ ಅಧ್ಯಾಯದಲ್ಲಿ ಹೇಳುತ್ತಾನೆ. ನಿಮಗೆ ಹತ್ತಿರದ ಆರು ಜನರ ಹೆಸರು ಬರೆದು, ಪಕ್ಕದಲ್ಲಿ ಎರಡು ಕಲಂ ಮಾಡಿ: ನಾನು ಅವರ ಬಳಿ ಹೋಗುವುದು ಯಾವುದಕ್ಕೆ, ಅವರು ನನ್ನ ಬಳಿ ಬರುವುದು ಯಾವುದಕ್ಕೆ. ಎರಡೂ ಕಲಂ ಹೊಂದದ ಹೆಸರಿನ ಜತೆ ಮಾತಾಡಬೇಕಾದದ್ದು ಇದೆ ಎಂದು ತಿಳಿಯಿರಿ. ಹೊಂದಿದ್ದರೆ, ಅದು ಬರೀ ಉಪಯೋಗವೇ ಆಗಿದ್ದರೂ, ಚಿಂತೆ ಬೇಡ.

ಗುಣದ ಮೇಲೆ ನಿಂತ ಪ್ರೀತಿಗೆ ಕಾಲ ಬೇಕು. ಗೆಳೆತನದ ಆಸೆ ಬೇಗ ಹುಟ್ಟುತ್ತದೆ, ಗೆಳೆತನ ಹುಟ್ಟುವುದಿಲ್ಲ. ಒಟ್ಟಿಗೆ ಉಪ್ಪು ತಿಂದು ಮುಗಿಸುವವರೆಗೆ ಒಬ್ಬರನ್ನೊಬ್ಬರು ಅರಿಯಲಾಗದು ಎಂಬ ಗಾದೆಯನ್ನು ಅವನು ನೆನೆಯುತ್ತಾನೆ. ಅವನ ಇನ್ನೊಂದು ಗ್ರಂಥ ‘ಯುಡೀಮಿಯನ್ ಎಥಿಕ್ಸ್’ನಲ್ಲಿ ಅಳತೆಯೂ ಇದೆ: ಒಂದು ಮೆಡಿಮ್ನೋಸ್ ಉಪ್ಪು. ಅಥೆನ್ಸಿನ ಮೆಡಿಮ್ನೋಸ್ ಎಂದರೆ ಸುಮಾರು 52 ಲೀಟರ್. ಅಷ್ಟು ಉಪ್ಪು ತೂಗಿದರೆ ಹತ್ತಿರ ಹತ್ತಿರ 60 ಕಿಲೊ, ಒಂದು ದೊಡ್ಡ ಮೂಟೆ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಇಬ್ಬರಿಗೆ 10 ಗ್ರಾಂ. ಮೂರು ಹೊತ್ತೂ ಒಟ್ಟಿಗೆ ಉಂಡರೆ ಮೂಟೆ ಖಾಲಿಯಾಗಲು 6000 ದಿನ, ಅಂದರೆ 16 ವರ್ಷ ದಾಟುತ್ತದೆ. ದಿನಕ್ಕೆ ಒಂದೇ ಹೊತ್ತು ಜತೆಗೆ ಕೂರುವ ಮನೆಗಳಲ್ಲಿ 49 ವರ್ಷ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ಬೆಳೆದ ನಮಗೆ ಉಪ್ಪಿನ ಋಣ ಗೊತ್ತು, ಗ್ರೀಕರ ಗಾದೆ ಉಪ್ಪಿನ ಕಾಲವನ್ನು ಎಣಿಸುತ್ತದೆ. ನಿಮ್ಮ ಮೂಟೆಯಲ್ಲಿ ಎಷ್ಟು ಖರ್ಚಾಗಿದೆ ಎಂದು ಲೆಕ್ಕ ಹಾಕಿ ನೋಡಿ. ಆರು ತಿಂಗಳ ಪರಿಚಯದಲ್ಲಿ ‘ನನ್ನನ್ನು ಅರ್ಥವೇ ಮಾಡಿಕೊಂಡಿಲ್ಲ’ ಎಂದು ದೂರುವುದು ಎಷ್ಟು ಆತುರ ಎಂದು ಆಗ ಕಾಣುತ್ತದೆ.

ಒಟ್ಟಿಗೆ ಇರುವುದು ಎಂದರೆ ಒಂದೇ ಜಾಗದಲ್ಲಿ ಮೇಯುವ ದನಗಳ ಹಾಗಲ್ಲ, ಮಾತು ಮತ್ತು ಯೋಚನೆಯನ್ನು ಹಂಚಿಕೊಳ್ಳುವುದು ಎಂದೂ ಅವನು ಸ್ಪಷ್ಟವಾಗಿ ಹೇಳುತ್ತಾನೆ. ಒಂದೇ ಸೋಫಾದಲ್ಲಿ ಕೂತು ತಮ್ಮ ತಮ್ಮ ಫೋನು ನೋಡುತ್ತ ಕಳೆದ ಗಂಟೆಯನ್ನು ಉಪ್ಪಿನ ಲೆಕ್ಕಕ್ಕೆ ಹಿಡಿಯಬೇಡಿ. ದೂರ ಇರುವವರಿಗೆ ಇದರಲ್ಲಿ ಭರವಸೆಯೂ ಎಚ್ಚರಿಕೆಯೂ ಇವೆ. ದೂರವು ಪ್ರೀತಿಯನ್ನೇ ಮುರಿಯುವುದಿಲ್ಲ, ಅದರ ನಡೆಯನ್ನು ನಿಲ್ಲಿಸುತ್ತದೆ. ತುಂಬಾ ದಿನವಾದರೆ ಮರೆಸಿಬಿಡುತ್ತದೆ. ಮಾತಿಲ್ಲದೆ ಮುರಿದ ಗೆಳೆತನಗಳು ಬಹಳ. ಡಲ್ಲಾಸ್‌ನಲ್ಲೋ ದುಬೈನಲ್ಲೋ ಇರುವ ಗೆಳತಿಗೆ ಹಬ್ಬಕ್ಕೊಂದು ಶುಭಾಶಯದ ಚಿತ್ರ ಕಳಿಸಿದರೆ ಅದು ನಡೆ ಅಲ್ಲ. ತಿಂಗಳಿಗೆ ಎರಡು ಸಲ, ಅರ್ಧ ಗಂಟೆ, ಇಬ್ಬರೂ ಓದಿದ ಒಂದು ವಿಷಯದ ಮೇಲೆ ಮಾತಾಡುವುದು ನಡೆ. ಈ ನಾಲ್ಕು ಓದನ್ನೇ ಅದಕ್ಕೆ ಬಳಸಬಹುದು.

ಕಷ್ಟದಲ್ಲಿರುವ ಗೆಳೆಯರ ಬಳಿ ಕರೆಯದಿದ್ದರೂ ಬೇಗ ಹೋಗಬೇಕು, ನಮ್ಮ ಕಷ್ಟಕ್ಕೆ ಅವರನ್ನು ಕರೆಯುವಾಗ ಹಿಂಜರಿಯಬೇಕು ಎಂಬ ಮಾತು ಒಂಬತ್ತನೇ ಭಾಗದ 11ನೇ ಅಧ್ಯಾಯದಲ್ಲಿದೆ. ಮೊದಲರ್ಧ ನಮ್ಮ ಹಳ್ಳಿಗಳ ನಡವಳಿಕೆಯೇ. ಎರಡನೆಯರ್ಧವನ್ನು ಇಂದು ಹಾಗೇ ಪಾಲಿಸುವುದು ಬೇಡ. ಖಿನ್ನತೆಯಲ್ಲಿರುವವರು ಹಿಂಜರಿದು ಕೂತರೆ ಅಪಾಯ.

ಇವರಿಂದ ತೆಗೆದುಕೊಳ್ಳಬಾರದ್ದು

ಅಥೆನ್ಸಿನ ಈ ಮಾತುಗಳ ಹಿಂದೆ ಗುಲಾಮಗಿರಿ ಇದೆ. ಔತಣದ ಆರಂಭದಲ್ಲೇ ಕೊಳಲು ನುಡಿಸುವ ಹುಡುಗಿಯನ್ನು ಹೊರಗೆ ಕಳಿಸುತ್ತಾರೆ, ಡಯೊಟೀಮಾ ಸಾಕ್ರಟೀಸನ ಬಾಯಲ್ಲಿ ಮಾತ್ರ ಇದ್ದಾಳೆ. ಪೌಸೇನಿಯಸ್ ಮೊದಲಾದವರು ಹೊಗಳುವುದು ದೊಡ್ಡ ಗಂಡಸು ಮತ್ತು ಹದಿಹರೆಯದ ಹುಡುಗನ ನಡುವಿನ ಸಂಬಂಧವನ್ನು. ಇಂದು ಅದು ಮಗುವಿನ ಮೇಲಿನ ಅಪರಾಧ, ಯಾವ ತತ್ತ್ವವೂ ಅದಕ್ಕೆ ರಕ್ಷಣೆಯಲ್ಲ. ಗಂಡ ಹೆಂಡತಿಯ ಪ್ರೀತಿ ಗುಣದ ಮೇಲೆ ನಿಲ್ಲಬಲ್ಲದು ಎಂದು ಒಪ್ಪುವ ಅರಿಸ್ಟಾಟಲ್ ಗಂಡನನ್ನೇ ಮೇಲಿಡುತ್ತಾನೆ. ಇದನ್ನು ತಿದ್ದಿಕೊಳ್ಳಲು ಕ್ರಿ.ಶ. 1ನೇ ಶತಮಾನದ, ಸ್ಟೋಯಿಕ್ ಎಂಬ ದಾರ್ಶನಿಕ ಪಂಥದ ಗುರು ಮುಸೋನಿಯಸ್ ರೂಫಸನನ್ನು ಜತೆಗಿಟ್ಟುಕೊಳ್ಳಿ. ರೋಮಿನವನಾದರೂ ಅವನ ಪಾಠಗಳು ಉಳಿದಿರುವುದು ಗ್ರೀಕಿನಲ್ಲಿ. ದಾಸಿಯ ಜತೆ ಮಲಗುವ ಗಂಡ, ಹೆಂಡತಿ ದಾಸನ ಜತೆ ಮಲಗಿದರೆ ಸಹಿಸುತ್ತಾನೆಯೆ ಎಂದು ಕೇಳಿದವನು ಅವನು. ಇಬ್ಬರೂ ತಂತಮ್ಮ ಲಾಭವನ್ನೇ ನೋಡಿಕೊಂಡು ಒಂದೇ ಸೂರಿನಡಿ ಇರುವುದು ಒಬ್ಬಂಟಿತನಕ್ಕಿಂತ ಕೆಟ್ಟದ್ದು ಎಂದೂ ಹೇಳಿದ.

ಕೊನೆಯ ಹೆಜ್ಜೆ: ಬಿಡಬೇಕಾದಾಗ

ಒಂಬತ್ತನೇ ಭಾಗದ ಮೂರನೇ ಅಧ್ಯಾಯವನ್ನು ಕೊನೆಗೆ ಉಳಿಸಿಕೊಂಡು ಓದಿ, ಎರಡು ಪುಟವೂ ಇಲ್ಲ. ಗುಣ ಮೆಚ್ಚಿ ಹತ್ತಿರವಾದವರು ಕೆಟ್ಟರೆ? ತಿದ್ದಲು ಆಗುವಂತಿದ್ದರೆ, ಹಣ ಕಳೆದುಕೊಂಡಾಗ ನೆರವಾಗುವುದಕ್ಕಿಂತ ಹೆಚ್ಚಾಗಿ ಗುಣ ಕಳೆದುಕೊಂಡಾಗ ನೆರವಾಗಬೇಕು. ಆಗದಿದ್ದರೆ ಬಿಡುವುದರಲ್ಲಿ ತಪ್ಪಿಲ್ಲ, ಏಕೆಂದರೆ ಒಲಿದಿದ್ದ ಮನುಷ್ಯ ಈಗ ಅಲ್ಲಿಲ್ಲ. ಒಬ್ಬರು ಬೆಳೆದು ಇನ್ನೊಬ್ಬರು ಅಲ್ಲೇ ನಿಂತರೂ ಬೇರೆಯಾಗುವುದು ಸಹಜ. ಹಾಗಾದರೆ ಪರಿಚಯವೇ ಇಲ್ಲದವರಂತೆ ಇರಬೇಕೆ? ಬೇಡ, ಹಿಂದಿನ ಒಡನಾಟವನ್ನು ನೆನೆದು, ಪರಕೀಯರಿಗೆ ಕೊಡುವುದಕ್ಕಿಂತ ಒಂದಿಷ್ಟು ಹೆಚ್ಚನ್ನು ಕೊಡಬೇಕು, ಮುರಿದದ್ದು ಅತಿಯಾದ ಕೇಡಿನಿಂದ ಅಲ್ಲದಿದ್ದರೆ.

ಆ ‘ಒಂದಿಷ್ಟು’ ಎಷ್ಟು ಎಂದು ಅವನು ಅಳೆದು ಹೇಳಿಲ್ಲ, ನೀವೇ ಬರೆದಿಟ್ಟುಕೊಳ್ಳಬೇಕು. ಅವರು ನಂಬಿ ಹೇಳಿದ ಗುಟ್ಟನ್ನು ಯಾರ ಮುಂದೆಯೂ ಆಡುವುದಿಲ್ಲ. ಅವರ ಪತ್ರ, ಫೋಟೊ ಯಾರಿಗೂ ತೋರಿಸುವುದಿಲ್ಲ. ಅವರ ಮನೆಯಲ್ಲಿ ಸಾವಾದ ಸುದ್ದಿ ಬಂದರೆ ಎರಡು ಸಾಲು ಬರೆದು ಕಳಿಸುತ್ತೇನೆ.